ವುಪ್ಪರ್ ಹೊಳೆಯ ನೀರು

ಗಂಡ ಕೂಗಾಡಿದ್ದರೆ ಸ್ಟೀನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಒಲೆಯ ಮೇಲಿನ ಗಂಜಿ ತಳ ಹತ್ತದಂತೆ ಸೌಟು ಆಡಿಸುತ್ತ, ಸೊಂಟದ ಮೇಲಿನ ಕೂಸು ಜಾರಿದಾಗಲೆಲ್ಲ ಮೇಲಕ್ಕೆ ಏರಿಸಿಕೊಳ್ಳುತ್ತ ಅವಳು ಹಿತ್ತಲ ಕಡೆಗೇ ಕಿವಿಯಾಗಿದ್ದಳು. ಗಂಡ ಕತ್ತಿಗಳನ್ನು ಕಾಯಿಸಿ ನೀರಿಗದ್ದುವ ಹದದ ಮನೆಯ ಬಾಗಿಲು ತೆರೆದದ್ದು ಕೇಳಿತ್ತು. ಟಿಲ್ಮನ್‌ನ ಮರದ ಮೆಟ್ಟು ಮಣ್ಣಿನ ನೆಲದ ಮೇಲೆ ಪಚಪಚ ಎಂದದ್ದೂ ಕೇಳಿತ್ತು. ಒಣಗಿರಬೇಕಾದ ನೆಲ ಅದು. ಆಮೇಲೆ ಏನೂ ಇಲ್ಲ. ಕಿಟಕಿಯಾಚೆ ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು, ಕೂಸು ಹೊಸ ಹಲ್ಲಿನ ನವೆಗೆ ಅವಳ ಹೆಗಲನ್ನು ಕಚ್ಚುತ್ತಿತ್ತು, ಗಂಜಿ ಕೊತಕೊತ ಕುದಿಯುತ್ತಿತ್ತು. ಇವುಗಳ ನಡುವೆ ಗಂಡನ ಮೌನ ಮಾತ್ರ ಬೇರೆಯಾಗಿ ಕೇಳುತ್ತಿತ್ತು. ಇಂಥ ಮೌನ ಅವಳಿಗೆ ಹೊಸದಲ್ಲ. ಹಿರಿಮಗಳು ಫೀಯಾಳನ್ನು ಮಣ್ಣಿಗಿಟ್ಟು ಬಂದರಿನಿಂದ ಈ ಕಣಿವೆಗೆ ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಅವನು ಹೀಗೆಯೇ ಇದ್ದ. ಒಂದು ಕೈ ಪೀಪಾಯಿಯ ಮೇಲೆ, ಇನ್ನೊಂದು ಕೈ ಎಲ್ಲಿಡಬೇಕೆಂದು ಗೊತ್ತಿಲ್ಲದ ಹಾಗೆ ತೊಡೆಯ ಮೇಲೆ.

ಗಂಜಿಯನ್ನು ಇಳಿಸಿ ಹಿತ್ತಲಿಗೆ ಹೋಗಿ ಬಾಗಿಲಲ್ಲಿ ನಿಂತಳು. ಹೊಸ್ತಿಲು ದಾಟಲಿಲ್ಲ, ಹದದ ಮನೆಯ ಹೊಸ್ತಿಲನ್ನು ಹೆಂಗಸರು ದಾಟುವುದಿಲ್ಲ. ಟಿಲ್ಮನ್ ಕಲ್ಲಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ತಳದಲ್ಲಿ ಅಂಗೈ ಇಟ್ಟುಕೊಂಡಿದ್ದ, ಮಲಗಿದವರ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

"ಒಡೆದಿದೆ" ಎಂದ.

"ಯಾವಾಗ?"

"ನೀರು ಗಡ್ಡೆ ಕಟ್ಟಿದಾಗಲೇ ಕಲ್ಲು ಸೀಳಿರಬೇಕು. ಗಡ್ಡೆ ಇದ್ದಷ್ಟು ದಿನ ಗೊತ್ತಾಗಲಿಲ್ಲ. ನಿನ್ನೆ ಬಿಸಿಲು ಬಿತ್ತಲ್ಲ..."

"ಒಂದು ಚೂರೂ ಉಳಿದಿಲ್ವಾ?"

"ನೆಲ ಎಲ್ಲ ಕುಡಿದುಬಿಟ್ಟಿದೆ, ಸ್ಟೀನಾ."

ಅವನು ಆ ಮಾತು ಆಡಬಾರದಿತ್ತು. ಕತ್ತಲಲ್ಲಿ ಯಾರೋ ಗುಟುಕು ಗುಟುಕಾಗಿ ಕುಡಿಯುವ ಸದ್ದು ಅವಳ ಕಿವಿಯೊಳಗೆ ಶುರುವಾಯಿತು. ಹಡಗಿನಿಂದ ಇಳಿದ ದಿನದಿಂದ ಆ ಸದ್ದು ಅವಳನ್ನು ಬಿಟ್ಟಿಲ್ಲ. ಹಸು ಬಾನಿಗೆ ಮೂತಿಯಿಟ್ಟಾಗ, ಕೂಸು ಮೊಲೆ ಚೀಪುವಾಗ, ಗಂಡ ಕೆಂಪಗೆ ಕಾದ ಕತ್ತಿಯನ್ನು ತೊಟ್ಟಿಗೆ ಅದ್ದಿದಾಗ ಚುಂಯ್ ಎನ್ನುವ ಆವಿಯ ಅಡಿಯಲ್ಲಿ ಕೂಡ ಅದೇ ಪುಟ್ಟ ಗಂಟಲು ಏರುತ್ತ ಇಳಿಯುತ್ತ ಇರುತ್ತಿತ್ತು. ನೀರು ಹೋಯಿತಲ್ಲ, ಇನ್ನಾದರೂ ನಿಲ್ಲಬಹುದೇ ಎಂದು ಒಂದು ಕ್ಷಣ ಅನ್ನಿಸಿತು. ಆ ಆಸೆಗೆ ಅವಳಿಗೇ ನಾಚಿಕೆಯಾಯಿತು.

ಹುಟ್ಟೂರು ಸೋಲಿಂಗನ್ ಬಿಟ್ಟು ಇಂಗ್ಲಿಷರ ನಾಡಿಗೆ ಬರುವಾಗ ಟಿಲ್ಮನ್ ಒಂದು ಚಿಮಟವನ್ನೂ ತಂದಿರಲಿಲ್ಲ. ಕಸುಬಿನ ಸಾಮಾನು ಕಂಡರೆ ಊರಬಾಗಿಲ ಕಾವಲಿನವರು ಅಲ್ಲೇ ಹಿಡಿಯುತ್ತಿದ್ದರು. ಕತ್ತಿಗೆ ಹದ ಹಾಕುವವನು ಊರು ಬಿಡುವುದಿಲ್ಲ, ಮಗನಿಗಲ್ಲದೆ ಇನ್ನೊಬ್ಬನಿಗೆ ಕಸುಬು ಹೇಳುವುದಿಲ್ಲ ಎಂದು ಮೂರು ಬೆರಳೆತ್ತಿ ಆಣೆ ಮಾಡಿರುತ್ತಾನೆ. ತಪ್ಪಿ ಸಿಕ್ಕಿಬಿದ್ದರೆ ಎತ್ತಿದ ಬೆರಳು ಉಳಿಯುವುದಿಲ್ಲ. ಅವನು ತಂದದ್ದು ಒಂದು ಪೀಪಾಯಿ. ಹುಳಿಕೋಸು ಎಂದು ಹೇಳಿ, ಮೇಲೆ ನಾಲ್ಕು ಎಲೆ ಮುಚ್ಚಿ, ಅವಳ ಅಪ್ಪನ ಹದದ ಮನೆಯಿಂದ ತುಂಬಿಸಿಕೊಂಡ ವುಪ್ಪರ್ ಹೊಳೆಯ ನೀರು. ಅಪ್ಪ, ಅಪ್ಪನ ಅಪ್ಪ ಕತ್ತಿಗಳಿಗೆ ಕುಡಿಸಿ ಕುಡಿಸಿ ಪಳಗಿದ ನೀರು. ಇಲ್ಲಿ ಬಂದು ಕಲ್ಲಿನ ತೊಟ್ಟಿಗೆ ಅದನ್ನು ಸುರಿದಾಗ ಇಂಗ್ಲಿಷರ ಕಮ್ಮಾರರೆಲ್ಲ ಟೋಪಿ ತೆಗೆದು ನಿಂತು ನೋಡಿದ್ದರು. ಆರಿದಷ್ಟನ್ನು ಇಲ್ಲಿನ ಡರ್ವೆಂಟ್ ಹೊಳೆಯ ನೀರಿನಿಂದ ತುಂಬುತ್ತಿದ್ದರು, ನಿಜ. ಆದರೆ ತೊಟ್ಟಿಯನ್ನು ಎಂದೂ ಬರಿದು ಮಾಡುವಂತಿರಲಿಲ್ಲ. ಹಾಲಿಗೆ ಹೆಪ್ಪು ಹೇಗೋ ಹಾಗೆ ಹಳೆಯ ನೀರು ಹೊಸ ನೀರಿಗೆ ತನ್ನ ಗುಣ ಕಲಿಸುತ್ತದೆ ಎನ್ನುತ್ತಿದ್ದ ಟಿಲ್ಮನ್. ಅವನು ಹಾಗೆನ್ನುವಾಗ ಅವಳು ಹಿಟ್ಟು ನಾದುತ್ತಿದ್ದರೆ ಇನ್ನಷ್ಟು ಜೋರಾಗಿ ನಾದುತ್ತಿದ್ದಳು, ನೂಲು ಸುತ್ತುತ್ತಿದ್ದರೆ ಎಳೆ ತುಂಡಾಗುತ್ತಿತ್ತು.

"ಏನೇ ಸ್ಟೀನಾ, ನಿನ್ನ ಗಂಡ ಸಾವಿನ ಮನೇಲಿ ಕೂತ ಹಾಗೆ ಕೂತಿದಾನಲ್ಲೇ!" ಬೇಲಿಯ ಆಚೆಯಿಂದಲೇ ಪ್ಲೋನ ಕೂಗಿದಳು. ಪ್ಲೋನ ಸಾಣೆ ಹಿಡಿಯುವ ಗೋಡರ್ಟ್‌ನ ಹೆಂಡತಿ. ಅವರೂ ಅದೇ ಹಡಗಿನಲ್ಲಿ ಬಂದವರು. ಜರಡಿ ಕೇಳಲು ಬಂದವಳು ಜರಡಿ ಮರೆತು ಹದದ ಮನೆಯೊಳಗೆ ಕತ್ತು ಹಾಕಿ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ನ ದೇವರೇ. ಪೂರ್ತಿ?"

"ಪೂರ್ತಿ."

"ನನ್ನ ಗಂಡನೇ ವಾಸಿ ಕಣೇ. ಅವನ ಸಾಣೆ ತಿರುಗೋಕೆ ಯಾವ ನೀರಾದರೂ ಸೈ, ಅವನು ತಿರುಗೋಕೆ ಬಿಯರ್ ಒಂದಿದ್ರೆ ಸೈ." ನಕ್ಕಳು, ನಗು ಅರ್ಧಕ್ಕೇ ನಿಂತಿತು. ದನಿ ತಗ್ಗಿಸಿದಳು. "ತಮಾಷೆ ಇರಲಿ. ಈ ಜನ ನಮಗೆ ಮನೆ ಕೊಟ್ಟು, ಸೌದೆ ಕೊಟ್ಟು ಯಾಕೆ ಸಾಕ್ತಿದಾರೆ ಹೇಳು? ಆ ತೊಟ್ಟಿ ನೀರಿಗೆ. ಅದಿಲ್ಲ ಅಂದ್ರೆ ಕಬ್ಬಿಣಾನ ಹೊಳೆಗೆ ಅದ್ದೋಕೆ ನಮ್ಮ ಹುಡುಗರೇ ಸಾಕು ಅಂತಾರೆ. ಆಮೇಲೆ ಎಲ್ಲಿಗೆ ಹೋಗೋಣ? ಹಿಂದಕ್ಕೆ ಹೋಗೋ ಹಾಗಿದೀವಾ?" ಸ್ಟೀನಾ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಹೆಸ್ಲಪ್‌ನ ಕುದುರೆ ಗಿರಣಿ ಹತ್ರ ನಿಂತಿತ್ತು. ವಾಸನೆ ಹಿಡಿದೇ ಬಂದಿದಾನೆ ಅನ್ಸುತ್ತೆ. ಮುಖ ತೊಳ್ಕೊ ಹೋಗು, ಮಸಿಯಾಗಿದೆ."

ಮುಖ ತೊಳೆದುಕೊಳ್ಳಲು ಅವಳಿಗೆ ಬಿಡುವಾಗಲಿಲ್ಲ. ಇಲ್ಲಿನ ಯಜಮಾನರ ಪರವಾಗಿ ಇವರನ್ನೆಲ್ಲ ಕರೆತಂದಿದ್ದ ಹೆಸ್ಲಪ್ ಟೋಪಿ ತೆಗೆಯದೆ ಒಳಗೆ ಬಂದು, ಬೆಂಕಿಯ ಎದುರಿನ ಕುರ್ಚಿಯಲ್ಲಿ ಕೂತು, ಕೆಸರಿನ ಬೂಟುಗಳನ್ನು ಅವಳು ಬೆಳಗ್ಗೆ ತಾನೆ ಒರೆಸಿದ ಕಲ್ಲಿನ ಮೇಲೆ ಚಾಚಿದ. ಅವಳಿಗೆ ನೆನಪಿದ್ದ ಹೆಸ್ಲಪ್ ಬೇರೆ. ಸೋಲಿಂಗನ್‌ನಲ್ಲಿ ಅವಳ ಅಮ್ಮನ ಅಡುಗೆಮನೆಯಲ್ಲಿ, ಹೊಸ್ತಿಲಲ್ಲೇ ಟೋಪಿ ಕಂಕುಳಿಗಿಟ್ಟುಕೊಂಡು, ಅಮ್ಮ ಹೊಯ್ದು ಕೊಟ್ಟ ಬಡ ದೋಸೆಯನ್ನು ಜೇನಿಗೆ ಅದ್ದಿ ತಿನ್ನುತ್ತ, ತಪ್ಪುತಪ್ಪಾಗಿ ಅವರದೇ ಮಾತಿನಲ್ಲಿ ಹೊಗಳಿ ಎಲ್ಲರನ್ನೂ ನಗಿಸುತ್ತಿದ್ದ ಹೆಸ್ಲಪ್. ಫೀಯಾಳಿಗೆ ಮರದ ಕುದುರೆ ತಂದಿದ್ದ. ನಿಮ್ಮ ಕೈಗೆ ಇಲ್ಲಿ ಸಿಗದ ಮಾನ ಅಲ್ಲಿ ಸಿಗುತ್ತದೆ ಎಂದಿದ್ದ. ಆ ದಿನಗಳಲ್ಲಿ ಹೆಸ್ಲಪ್‌ನ ಮಾತು ಕೇಳುವಾಗ ಟಿಲ್ಮನ್‌ನ ಮುಖದಲ್ಲಿ ಮದುವೆಗೆ ಮುಂಚಿನ ಹೊಳಪೊಂದು ಬರುತ್ತಿತ್ತು. ಆ ಹೊಳಪಿಗಾಗಿಯೇ ಅವಳು ಹೂಂ ಅಂದಿದ್ದಳು. ಅಣ್ಣ ರೂಟ್ಗರ್ ಅನ್ನಲಿಲ್ಲ. ಅವನು ಮೂಲೆಯಲ್ಲಿ ಕೂತು ಚಾಕುವಿನಿಂದ ಉಗುರು ಕೆರೆಯುತ್ತ, "ಹೋಗಿ. ನಾನು ಏನೂ ಕೇಳಿಲ್ಲ" ಎಂದಿದ್ದ. ಇವರು ಹೋದ ಮೇಲೆ ಕತ್ತಿ ಕಸುಬಿನವರ ಕೂಟದ ಹಿರಿಯರು ಟಿಲ್ಮನ್‌ನ ಮುದ್ರೆಯನ್ನು ಮುದ್ರೆಗಳ ತಾಮ್ರದ ಹಲಗೆಯಿಂದ ಅಳಿಸಿದರಂತೆ. ಅಳಿಸುವ ಸುತ್ತಿಗೆಯನ್ನು ರೂಟ್ಗರ್‌ನ ಕೈಗೇ ಕೊಟ್ಟರಂತೆ. ಇದನ್ನು ಹೇಳಿದವನೂ ಹೆಸ್ಲಪ್ಪೇ, ಏನೋ ತಮಾಷೆಯ ಸುದ್ದಿಯ ಹಾಗೆ.

"ತೊಟ್ಟಿ ಒಡೆದದ್ದು ದೇವರು!" ಎಂದು ಈಗ ಹೆಸ್ಲಪ್ ತೊಡೆ ತಟ್ಟಿಕೊಂಡ. ಅವನ ಬಾಯಲ್ಲಿ ಅವರ ಮಾತು ಇನ್ನೂ ಕುಂಟುತ್ತಿತ್ತು. "ನಾನು ಸುಗ್ಗಿಯಿಂದ ಹೇಳುತ್ತಿದೆ, ಟಿಲ್ಮನ್ ಮೇಷ್ಟ್ರು ಒಂದು ಸಲ ಹೋಗುತ್ತೀರಿ, ಇನ್ನೂ ಇಬ್ಬರು ಸಾಣೆಯವರು ತರುತ್ತೀರಿ, ನಿನ್ನ ಭಾವಮೈದ ತರುತ್ತೀರಿ. ನಮ್ಮ ಜನ ನಾನು ಹೇಳಿದರೆ ನಂಬಲ್ಲ, ನೀನು ಹೇಳಿದರೆ ನಂಬುತ್ತಾರೆ. ಈಗ ನೀರೂ ತರುತ್ತೀರಿ. ಒಂದೇ ದಾರಿ, ಎಲ್ಲ ಕೆಲಸ!"

"ಹಡಗು ಯಾವಾಗ?" ಎಂದ ಟಿಲ್ಮನ್.

ಅವಳು ತಿರುಗಿ ನೋಡಿದಳು. ಇಷ್ಟು ದಿನ ಹೆಸ್ಲಪ್ ಕೇಳಿದಾಗಲೆಲ್ಲ ಆಗದು, ಆಗದು ಎನ್ನುತ್ತಿದ್ದವನು. ಬ್ರೆಡ್ಡಿನ ತುಂಡನ್ನು ಗಂಜಿಗೆ ಅದ್ದಿ ಅದ್ದಿ ತಿನ್ನದೆ ಕೂತಿದ್ದವನು.

"ನಾಳೆ ಬೆಳಿಗ್ಗೆ ಕಡಲು ಇಳಿತಕ್ಕೆ. ಈಗ ಹೊರಟರೆ ರಾತ್ರಿ ಬಂದರು."

"ಹೊರಡ್ತೀನಿ."

"ಬೆರಳು?" ಎಂದಳು ಸ್ಟೀನಾ. ಅವಳ ದನಿ ಅವಳಿಗೇ ಅಡುಗೆಮನೆಯ ಇನ್ನೊಂದು ಮೂಲೆಯಿಂದ ಬಂದ ಹಾಗಿತ್ತು. "ಅಲ್ಲಿ ಇವರ ಗುರುತು ಹಿಡಿದ್ರೆ ಬೆರಳು ಕತ್ತರಿಸ್ತಾರೆ. ಆಮೇಲೆ ಚಿಮಟ ಯಾವ ಕೈಲಿ ಹಿಡೀತಾರೆ?"

ಹೆಸ್ಲಪ್ ಅವಳ ಕಡೆ ನೋಡದೆ ಟಿಲ್ಮನ್‌ಗೆ ಕಣ್ಣು ಮಿಟುಕಿಸಿದ. "ಹೆಂಗಸರು ಯಾವಾಗಲೂ ಬೆರಳು ಎಣಿಸುತ್ತೀರಿ! ಕತ್ತಲಲ್ಲಿ ಒಳಗೆ, ಕತ್ತಲಲ್ಲಿ ಹೊರಗೆ. ಯಾರು ನೋಡುತ್ತೀರಿ?" ಆಮೇಲೆ ಖಾಲಿ ಬಟ್ಟಲನ್ನು ಅವಳತ್ತ ನೂಕಿದ, ಇನ್ನಷ್ಟು ಬಡಿಸು ಎಂಬಂತೆ. ಅವಳು ಬಡಿಸಿದಳು. ಕೈ ತನ್ನಷ್ಟಕ್ಕೆ ಬಡಿಸಿತು. ಸೌಟಿನಿಂದ ಗಂಜಿ ಬಟ್ಟಲಿಗೆ ಬೀಳುವುದನ್ನು ನೋಡುತ್ತ ನಿಂತಾಗ ಅವಳ ಕಾಲಡಿಯ ನೆಲ ಮೆಲ್ಲಗೆ ವಾಲಿತು.

ಹಡಗು ವಾಲುತ್ತಿತ್ತು. ಗಂಡಸರೆಲ್ಲ ಹೊಟ್ಟೆ ತೊಳಸಿ ಮೇಲೆ ಗಾಳಿಯಲ್ಲಿ ಬಿದ್ದಿದ್ದರು. ಕೆಳಗೆ ಸಾಮಾನಿನ ನಡುವೆ ಹೆಂಗಸರು, ಮಕ್ಕಳು. ಹಡಗಿನವರು ಕೊಡುವ ನೀರು ಹಸಿರುಗಟ್ಟಿತ್ತು. ಫೀಯಾ ಒಂದು ಗುಟುಕು ಬಾಯಿಗೆ ತೆಗೆದುಕೊಂಡು ತಾಯಿಯ ಮುಂಗೈ ಮೇಲೇ ಉಗಿದಳು. ಮೈ ಸುಡುತ್ತಿತ್ತು. ಕಣ್ಣು ತೆರೆದಿದ್ದರೂ ನೋಡುತ್ತಿರಲಿಲ್ಲ. ಊರಿನಲ್ಲಿ ಅಪ್ಪ ಬದುಕಿದ್ದಾಗ ಹದದ ಮನೆಯ ಬಾಗಿಲಿಗೆ ತಾಯಂದಿರು ಬರುತ್ತಿದ್ದರು, ಸೊರಗಿದ ಮಕ್ಕಳನ್ನು ಎತ್ತಿಕೊಂಡು, ಸಣ್ಣ ಗಿಂಡಿ ಹಿಡಿದು. ಕತ್ತಿಗೆ ಕುಡಿಸಿದ ನೀರಲ್ಲಿ ಉಕ್ಕಿನ ಕಸುವು ಉಳಿದಿರುತ್ತದೆ, ಮಕ್ಕಳ ಮೈಗೆ ಹಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಇಲ್ಲ ಎನ್ನುತ್ತಿರಲಿಲ್ಲ. ಸ್ಟೀನಾ ಪೀಪಾಯಿಯ ಬಿರಡೆ ಕಿತ್ತು ಲೋಟ ತುಂಬಿದಳು. ಫೀಯಾ ಕುಡಿದಳು. ಇನ್ನೊಂದು ಲೋಟವನ್ನೂ ಕುಡಿದಳು. ಪುಟ್ಟ ಗಂಟಲು ಏರಿತು, ಇಳಿಯಿತು, ಏರಿತು. ಬಟ್ಟೆ ನೆನೆಸಿ ಮೈ ಒರೆಸಿದಳು, ಹಣೆಗಿಟ್ಟಳು, ಪಾದಕ್ಕೆ ಸುತ್ತಿದಳು. ಮಗಳು ತಣ್ಣಗಾಗುತ್ತಿದ್ದಾಳೆ ಎಂದು ಸಂತೋಷಪಟ್ಟಳು. ಆ ಸಂತೋಷವನ್ನು ನೆನೆದರೆ ಈಗಲೂ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಹಡಗು ಒಮ್ಮೆ ಜೋರಾಗಿ ಮಗ್ಗುಲಾದಾಗ ಬಿರಡೆ ಹಾಕದ ಪೀಪಾಯಿ ಉರುಳಿಕೊಂಡು ಹೋಯಿತು. ಮಗಳನ್ನು ತೊಡೆಯಿಂದ ಕೆಳಗಿಡದೆ ಅವಳು ಅದನ್ನು ಹಿಡಿಯುವ ಹಾಗಿರಲಿಲ್ಲ. ನೀರು ಹಲಗೆಗಳ ಸಂದಿಯಲ್ಲಿ ಇಳಿದುಹೋಗುವುದನ್ನು ನೋಡುತ್ತ ಕೂತಿದ್ದಳು. ಆಮೇಲೆ ಬಂದರಿನಲ್ಲಿ, ಟಿಲ್ಮನ್ ಪಾದ್ರಿಯನ್ನು ಹುಡುಕಿಕೊಂಡು ಹೋದಾಗ, ಮಗಳ ಮುಖಕ್ಕೆ ಶಾಲು ಮುಚ್ಚಿ ಹಗ್ಗದ ಸುರುಳಿಗಳ ನಡುವೆ ಮಲಗಿಸಿ, ದಂಡೆಯ ಬಾವಿಯಿಂದ ಸೇದಿ ಸೇದಿ ಪೀಪಾಯಿಯನ್ನು ತುಂಬಿಸಿದಳು. ಸತ್ತ ಮಗಳನ್ನು ಬಿಟ್ಟು ನೀರು ಸೇದಿದಳು. ಟಿಲ್ಮನ್ ಬಂದು ಮೊದಲು ಮಗಳ ಪಾದ ಮುಟ್ಟಿದ, ಆಮೇಲೆ ಪೀಪಾಯಿಯನ್ನು ಬೆರಳಲ್ಲಿ ತಟ್ಟಿ ಕಿವಿಗೊಟ್ಟ. "ಇದಾದ್ರೂ ಉಳೀತು" ಎಂದ. ಆಗ ಅವನಿಗೆ ಏನು ಹೇಳಬೇಕಿತ್ತು?

"ಉಪ್ಪು ಕಡಿಮೆ" ಎಂದ ಹೆಸ್ಲಪ್, ಬಟ್ಟಲಿನಿಂದ ತಲೆಯೆತ್ತದೆ.

ಮಲಗುವ ಕೋಣೆಯಲ್ಲಿ ಟಿಲ್ಮನ್ ಹಾಸಿಗೆಯ ಮೇಲೆ ಕೂತು ಕಾಲುಚೀಲ ಎಳೆದುಕೊಳ್ಳುತ್ತಿದ್ದ. ಅವಳು ಅಂಗಿಗಳನ್ನು ಮಡಿಸಿ ಗಂಟಿಗೆ ಇಡುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಹೇಳಿದರೆ ಇವನು ಉಳಿಯುತ್ತಾನೆ. ಹೇಳಿದರೆ ಇವನ ಹೆಸರು ಉಳಿಯುವುದಿಲ್ಲ. ಎರಡು ಚಳಿಗಾಲ ಯಾವುದೋ ಬಾವಿಯ ನೀರನ್ನು ಪೂಜಿಸಿದ ಮರುಳ ಎಂದು ಸಾಣೆಮನೆಯಲ್ಲೆಲ್ಲ ನಗುತ್ತಾರೆ. ಪ್ಲೋನಳ ಮನೆ, ಗೋಡರ್ಟ್‌ನ ಕೆಲಸ, ಎಲ್ಲಕ್ಕೂ ಕುತ್ತು. ಹೇಳದಿದ್ದರೆ ಬೆರಳು. ಅಥವಾ ಬರೀ ಬೆರಳಲ್ಲ. ಅವನ ಬಲಗೈ ಕಾಲುಚೀಲದ ದಾರ ಬಿಗಿಯುವುದನ್ನು ನೋಡಿದಳು. ಹೆಬ್ಬೆರಳು, ತೋರು, ನಡು. ಈ ಬೆರಳುಗಳೇ ಫೀಯಾಳ ಜಡೆ ಹಾಕುತ್ತಿದ್ದವು, ತಾನು ಹೆಣೆದದ್ದಕ್ಕಿಂತ ಸಲೀಸಾಗಿ.

"ಅದು ವುಪ್ಪರ್ ನೀರಲ್ಲ" ಎಂದಳು.

"ಯಾವುದು?"

"ತೊಟ್ಟೀಲಿ ಇದ್ದಿದ್ದು. ಶುರುವಿನಿಂದಲೂ ಅಲ್ಲ. ಹಡಗಲ್ಲಿ ಅವಳಿಗೆ ಕುಡಿಸಿದೆ. ಮೈ ಒರೆಸಿದೆ. ಮಿಕ್ಕಿದ್ದು ಪೀಪಾಯಿ ಉರುಳಿ ಚೆಲ್ಲಿಹೋಯ್ತು. ನೀನು ಪಾದ್ರೀನ ಕರೆಯೋಕೆ ಹೋದಾಗ ಬಂದರಿನ ಬಾವೀಲಿ ಸೇದಿ ತುಂಬಿಸ್ದೆ."

ಟಿಲ್ಮನ್ ದಾರದ ಗಂಟನ್ನು ಪೂರ್ತಿ ಹಾಕಿ ಮುಗಿಸಿದ. ಆಮೇಲೆ ಮೂಗಿನಲ್ಲಿ ಸಣ್ಣಗೆ ನಕ್ಕ. "ನನ್ನ ತಡೆಯೋಕೆ ಚೆನ್ನಾಗೇ ಕಟ್ಟಿದೀಯ."

"ಕಟ್ಟಿಲ್ಲ."

"ನೀನು ಅವಳಿಗೆ ಹಡಗಿನ ನೀರೇ ಕುಡಿಸಿದ್ದು. ಮೇಲೆ ಲೋಟ ಹಿಡಿದು ಸಾಲಲ್ಲಿ ನಿಂತಿದ್ದೆಯಲ್ಲ, ನಾನು ಕಂಡಿದೀನಿ."

"ಅದನ್ನ ಉಗಿದುಬಿಟ್ಟಳು, ಟಿಲ್ಮನ್."

"ಎರಡು ಚಳಿಗಾಲ ನನ್ನ ಕೈಲಿ ಒಂದೂ ಕತ್ತಿ ಸೀಳಿಲ್ಲ. ಬಾವಿ ನೀರಲ್ಲಿ ಆಗುತ್ತೇನೆ ಅದು?"

"ಆಯ್ತಲ್ಲ."

"ಬಾಯಿ ಮುಚ್ಚು."

ಅವನು ಅವಳಿಗೆ ಹಾಗೆಂದದ್ದು ಅದೇ ಮೊದಲು. ಅಂದಮೇಲೆ ಅವನೇ ಬೆಚ್ಚಿದ. ಅವಳಿಗೆ ಆದದ್ದು ಕೋಪವಲ್ಲ. ಎದೆಯಲ್ಲಿಟ್ಟುಕೊಂಡು ಇಷ್ಟು ದಿನ ಹೊತ್ತದ್ದನ್ನು ಬಿಚ್ಚಿ ತೋರಿಸಿದರೆ, ಅದು ಇಲ್ಲವೇ ಇಲ್ಲ ಎಂದುಬಿಟ್ಟಿದ್ದ. ಮಗಳು ಕೊನೆಗೆ ಕುಡಿದ ಎರಡು ಲೋಟಗಳನ್ನು ಅವಳ ಕೈಯಿಂದ ಕಿತ್ತುಕೊಂಡು ಹಸಿರುಗಟ್ಟಿದ ನೀರನ್ನು ಆ ಬಾಯಿಗೆ ಹೊಯ್ದಿದ್ದ. ಅಂಗಿಯನ್ನು ಗಂಟಿನ ಮೇಲೆ ಎಸೆದಳು.

"ಹಾಗಾದ್ರೆ ಈಗಲೇ ಒಂದು ಕಾಯಿಸು. ಹೊಳೆ ನೀರು ನಾನು ತರ್ತೀನಿ, ಬರೀ ಡರ್ವೆಂಟ್ ನೀರು. ಸೀಳಿದ್ರೆ ಹೋಗು. ಗಂಟು ನಾನೇ ಕಟ್ಟಿ ಹೆಗಲಿಗೆ ಹಾಕ್ತೀನಿ. ಸೀಳದಿದ್ರೆ ಇಲ್ಲೇ ಇರು."

ಅವನು ಹಾಸಿಗೆಯಿಂದ ಎದ್ದ. "ಸರಿ" ಎಂದ. ಅದನ್ನೂ ತುಂಬ ಸಲೀಸಾಗಿ ಎಂದ.

ಹಂದಿ ಕೊಯ್ದಾಗ ಸುಡುನೀರು ಹೊಯ್ಯುವ ಉದ್ದನೆಯ ಮರದ ದೋಣಿಯನ್ನು ಪ್ಲೋನಳ ಹಿತ್ತಲಿನಿಂದ ಎಳೆದು ತಂದರು. "ಕತ್ತೀನ ಹಂದಿ ತೊಟ್ಟೀಲಿ ಮುಳುಗಿಸ್ತೀರೇನೇ? ನಿಮಗೇನು ತಲೆ ಕೆಟ್ಟಿದೆಯಾ?" ಎಂದು ಪ್ಲೋನ ಅಂದರೂ ಕೂಸನ್ನು ಎತ್ತಿಕೊಂಡಳು. ಸ್ಟೀನಾ ಹೊಳೆಗೂ ಹದದ ಮನೆಗೂ ನಡೆದಳು. ಕರಗಿದ ಹಿಮ ಸೇರಿ ಹೊಳೆ ಕಂದಾಗಿ ಉಬ್ಬಿತ್ತು. ಬಕೆಟ್ಟು ಅದ್ದಿದಾಗ ಮೊಣಕೈವರೆಗೆ ಮರಗಟ್ಟಿತು. ಹೆಸ್ಲಪ್ ಅಂಗಳದಲ್ಲಿ ಕುದುರೆಯ ಲಗಾಮು ಹಿಡಿದು, "ಏನು ಮಾಡುತ್ತಿದೆ? ಹೊತ್ತು ಹೋಗುತ್ತೀರಿ!" ಎನ್ನುತ್ತಿದ್ದ. ಯಾರೂ ಅವನಿಗೆ ಹೇಳಲಿಲ್ಲ. ದೋಣಿ ತುಂಬಿದ ಮೇಲೆ ಅವಳು ಬಕೆಟ್ಟನ್ನು ಹೊರಗಿಟ್ಟು ಹೊಸ್ತಿಲಲ್ಲಿ ನಿಂತಳು. ಆಮೇಲೆ ದಾಟಿದಳು. ಟಿಲ್ಮನ್ ಬೇಡ ಎನ್ನಲಿಲ್ಲ. ಬಾಗಿಲು ಹಾಕಿ, ಕಿಟಕಿಯ ಹಲಗೆ ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕಿದ. ಹಗಲಿನ ಬೆಳಕಿನಲ್ಲಿ ಉಕ್ಕಿನ ಬಣ್ಣ ಸುಳ್ಳು ಹೇಳುತ್ತದೆ, ಅದಕ್ಕೇ ಕತ್ತಲು.

ಕುಲುಮೆಯಲ್ಲಿ ಇದ್ದಿಲು ಉಸಿರಾಡಿತು. ಕತ್ತಿಯನ್ನು ಕೆಂಡದ ಉದ್ದಕ್ಕೆ ಮಲಗಿಸಿ ಹಿಂದೆ ಮುಂದೆ ಆಡಿಸುತ್ತಿದ್ದ ಟಿಲ್ಮನ್‌ನ ಮುಖ ಕೆಳಗಿನಿಂದ ಬೆಳಗಿ ಬೇರೆ ಯಾರದೋ ಹಾಗಿತ್ತು. ಬಾಗಿಲ ಬಿರುಕಿಗೆ ಕಣ್ಣಿಟ್ಟು ಅಪ್ಪನ ಕುಲುಮೆ ನೋಡುತ್ತಿದ್ದ ಹುಡುಗಿ ಅವಳು. ಅಪ್ಪ ರೂಟ್ಗರ್‌ಗೆ ಬಣ್ಣಗಳ ಹೆಸರು ಹೇಳಿಕೊಡುವಾಗ ಆಚೆ ಕಡೆ ತುಟಿಯಲ್ಲೇ ತಾನೂ ಹೇಳಿಕೊಂಡವಳು. ಮೊದಲು ಒಣಗಿದ ರಕ್ತ. ಆಮೇಲೆ ಬೀಟ್‌ರೂಟ್. ಆಮೇಲೆ ಹುಂಜದ ಜುಟ್ಟು. ಅದು ಕತ್ತಿಯ ತುದಿಯಿಂದ ಬುಡದವರೆಗೆ ಒಂದೇ ಸಮನಾಗಿ ಹರಡಿದಾಗ ನೀರಿಗೆ. ಅದನ್ನು ದಾಟಿ ಮೊಟ್ಟೆಯ ಹಳದಿಗೆ ಹೋದರೆ ಉಕ್ಕಿನ ಕಣ ಉಬ್ಬುತ್ತದೆ, ಯಾವ ನೀರೂ ಅದನ್ನು ಉಳಿಸುವುದಿಲ್ಲ. ಒಣಗಿದ ರಕ್ತ ಬಂತು. ಬೀಟ್‌ರೂಟ್ ಬಂತು. ಕೆಂಪು ತಿಳಿಯಾಗುತ್ತ, ಜೀವಂತವಾಗುತ್ತ ತುದಿಯಿಂದ ಬುಡಕ್ಕೆ ಹರಿಯಿತು. ಈಗ, ಎಂದುಕೊಂಡಳು. ಟಿಲ್ಮನ್ ಅಲುಗಲಿಲ್ಲ. ಈಗ. ಅವನ ಕೈ ಚಿಮಟದ ಮೇಲೆ ಇದ್ದ ಹಾಗೇ ಇತ್ತು. ಅವನು ಬಣ್ಣವನ್ನು ನೋಡುತ್ತಿದ್ದ, ನೋಡುತ್ತಲೇ ಇದ್ದ. ಕೆಂಪಿನ ಅಂಚು ಹಳದಿಯಾಯಿತು, ಹಳದಿ ಒಳಗೆ ನುಗ್ಗಿತು. ಆಮೇಲೆ ಅವನು ಕತ್ತಿಯನ್ನೆತ್ತಿ ನೀರಿಗೆ ಇಳಿಸಿದ. ಆವಿ ಎದ್ದಿತು. ಆವಿಯ ಒಳಗೆ, ಹಲ್ಲು ಮುರಿದಂಥ ಸಣ್ಣದೊಂದು ಸದ್ದು.

"ನೋಡಿದೆಯಾ" ಎಂದ. ಅವನ ದನಿಯಲ್ಲಿ ದುಃಖವಿರಲಿಲ್ಲ. ಹೊರೆ ಇಳಿಸಿದವನ ಉಸಿರಿತ್ತು.

"ಬಣ್ಣ ದಾಟಿತ್ತು" ಎಂದಳು ಸ್ಟೀನಾ.

ಕತ್ತಲಲ್ಲಿ ಅವನ ಚಿಮಟ ದೋಣಿಯ ಅಂಚಿಗೆ ತಾಗಿತು.

"ಜುಟ್ಟಿನ ಕೆಂಪು ಬಂತು. ನೀನು ನಿಂತೆ. ಹಳದಿಗೆ ಹೋಗೋವರೆಗೂ ಕಾದೆ."

"ನಿನಗೆ ಹೇಗೆ..."

"ನಾನು ಯಾರ ಮಗಳು?"

ಹೊರಗೆ ಕುದುರೆ ಗೊರಸು ಕೆರೆಯಿತು. ಟಿಲ್ಮನ್ ಸೀಳಿದ ಕತ್ತಿಯನ್ನು ನೆಲಕ್ಕಿಟ್ಟ. ಅವನು ಮಾತಾಡಿದಾಗ ಅದು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಆಡುವ ಮಾತಿನ ಹಾಗಿತ್ತು, ಮೆಲ್ಲಗೆ, ಗೋಡೆಯ ಕಡೆಗೆ. "ಇಲ್ಲಿ ಬಾಗಿಲು ಹಾಕಿದ್ರೆ ಅವನು ಬರ್ತಾನೆ, ಸ್ಟೀನಾ. ರೂಟ್ಗರ್. ಆ ಮೂಲೇಲಿ ನಿಂತ್ಕೋತಾನೆ, ಕೈಲಿ ಸುತ್ತಿಗೆ. ಬಯ್ದ್ರೆ ಒಳ್ಳೇದಿತ್ತು. ಬಯ್ಯಲ್ಲ. ಕೆಲಸ ಹೇಗೆ ಮಾಡ್ತೀನಿ ಅಂತ ನೋಡ್ತಾನೆ. ಅವನೂ ನಾನೂ ಒಂದೇ ದಿನ ಬೆರಳೆತ್ತಿದ್ದು. ಒಂದ್ಸಲ ಹೋಗಿ ಅವರ ಮುಂದೆ ಕೈ ಇಟ್ಟುಬಿಟ್ರೆ ಮುಗಿಯುತ್ತೆ ಅನ್ಸುತ್ತೆ."

"ಕತ್ತರಿಸಿದ್ರೆ?"

"ಕತ್ತರಿಸಲಿ."

"ಅವನನ್ನ ಕರ್ಕೊಂಡು ಬರ್ತೀನಿ ಅಂತ ಹೆಸ್ಲಪ್‌ಗೆ ಮಾತು ಕೊಟ್ಟೆಯಲ್ಲ."

"ನಾನು ಯಾರನ್ನೂ ಕರ್ಕೊಂಡು ಬರೋಕೆ ಹೋಗ್ತಿಲ್ಲ."

ಅವಳಿಗೆ ಆಗ ಪೂರ್ತಿ ತಿಳಿಯಿತು. ಗಂಟಿನಲ್ಲಿ ಅವಳು ಮಡಿಸಿಟ್ಟ ಅಂಗಿಗಳಲ್ಲಿ ಒಂದೂ ಹಿಂದಿರುಗುವುದಿರಲಿಲ್ಲ. ತೊಟ್ಟಿ ಒಡೆದದ್ದು ಅವನಿಗೆ ಒಂದು ಬಾಗಿಲು ತೆರೆದಂತಾಗಿತ್ತು, ಅಷ್ಟೇ. ಮೂಲೆಯ ಕಡೆ ನೋಡಿದಳು. ಅಲ್ಲಿ ಇದ್ದಿಲ ಬುಟ್ಟಿ, ಅದರ ಹಿಂದೆ ಕತ್ತಲು. ಆ ಕತ್ತಲಿಗೆ ಅಣ್ಣನ ಭುಜದ ಆಕಾರವಿದ್ದರೂ ಇರಬಹುದು. ಅಣ್ಣನೂ ಇರಲಿ, ಎಂದುಕೊಂಡಳು. ಮನೆಯಲ್ಲಿ ಈಗಾಗಲೇ ಒಂದು ಗಂಟಲು ನೀರು ಕುಡಿಯುತ್ತ ಕೂತಿದೆ. ಇನ್ನೊಬ್ಬ ನಿಂತರೆ ಜಾಗವಿಲ್ಲದೆ ಹೋಗುವುದಿಲ್ಲ. ಅವಳು ಕೈ ತಡವಿ ತಿದಿಯ ಹಿಡಿ ಹಿಡಿದಳು.

"ಇನ್ನೊಂದು ಕಾಯಿಸು."

"ಬೇಡ ಸ್ಟೀನಾ."

"ಅಲ್ಲಿ ಹೋಗಿ ಕೈ ಇಡ್ತೀನಿ ಅಂದೆಯಲ್ಲ. ಅದಕ್ಕೆ ಮುಂಚೆ ಇಲ್ಲಿ ಇಡು. ನಾನು ಹೇಳಿದಾಗ ಅದ್ದು."

ತಿದಿ ಒತ್ತಿದಳು. ಹೆಂಗಸೊಬ್ಬಳು ಹದದ ಮನೆಯಲ್ಲಿ ತಿದಿ ಒತ್ತುವುದನ್ನು ಅಪ್ಪ ಕಂಡಿದ್ದರೆ ಬಾಗಿಲನ್ನೇ ಕೀಳುತ್ತಿದ್ದ. ಕೆಂಡ ಕಣ್ಣು ತೆರೆಯಿತು. ಎಷ್ಟೋ ಹೊತ್ತಿನ ಮೇಲೆ ಚಿಮಟದ ಸದ್ದಾಯಿತು. ಅವನು ಇನ್ನೊಂದು ಕತ್ತಿಯನ್ನು ಕೆಂಡದ ಮೇಲಿಟ್ಟಿದ್ದ. ಅವನ ಹೆಗಲು ಅವಳ ಹೆಗಲಿಗೆ ತಾಗುತ್ತಿತ್ತು. ಒಣಗಿದ ರಕ್ತ. ಬೀಟ್‌ರೂಟ್. ಕೆಂಪು ಏಳುತ್ತ, ತಿಳಿಯಾಗುತ್ತ, ತುದಿಯಿಂದ ಬುಡಕ್ಕೆ ಹರಿಯುತ್ತ ಬಂತು.

"ಈಗ" ಎಂದ ಸ್ಟೀನಾಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಅಂದಳು. "ಈಗ, ಟಿಲ್ಮನ್."

ಅವನ ಕೈ ಒಂದು ಉಸಿರಿನಷ್ಟು ತಡೆಯಿತು. ಆಮೇಲೆ ಇಳಿಯಿತು. ನೀರು ಚೀರಿತು, ಗುಳುಗುಳು ಎಂದಿತು, ಸುಮ್ಮನಾಯಿತು. ಮುರಿದ ಸದ್ದಿಲ್ಲ. ಅವನು ಕತ್ತಿಯನ್ನು ಮೇಲೆತ್ತಿ, ಬುಡದಿಂದ ತುದಿಗೆ ಹೆಬ್ಬೆರಳು ಓಡಿಸಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಅಂಚಿಗೆ ಹಗುರವಾಗಿ ತಾಗಿಸಿದ. ಅದು ಉದ್ದಕ್ಕೆ ದನಿಗೊಟ್ಟಿತು, ಚೊಕ್ಕವಾಗಿ, ನಿಲ್ಲದೆ.

"ಆಯಿತಾ?" ಹೆಸ್ಲಪ್ ಬಾಗಿಲು ಬಡಿದ. "ಮೇಷ್ಟ್ರೇ, ಇಳಿತ ಯಾರಿಗೂ ಕಾಯುತ್ತಿಲ್ಲ!"

ಟಿಲ್ಮನ್ ಬಾಗಿಲ ಕಡೆ ತಿರುಗಿದ. "ನಾನು ಬರಲ್ಲ. ನೀವು ಹೋಗಿ."

"ನೀರು?"

"ಈ ಹೊಳೆ ನೀರೇ ಸಾಕು."

ಬಾಗಿಲ ಆಚೆಯಿಂದ ನಗು ಬಂತು. ಮೊದಲು ಅರ್ಥವಾಗದವನ ನಗು, ಆಮೇಲೆ ಅರ್ಥವಾದವನದು. "ಯಾವ ನೀರೂ ಸಾಕೇ? ಹಾಗಾದರೆ ನಮ್ಮ ಹುಡುಗರಿಗೂ ಸಾಕು! ಮೇಷ್ಟ್ರೇ, ಇದನ್ನು ಯಜಮಾನರು ಕೇಳಿದರೆ ಸಂತೋಷಪಡುತ್ತೀರಿ!" ಕುದುರೆ ತಿರುಗಿದ ಸದ್ದು. ಪ್ಲೋನ ಅವನ ಬೆನ್ನಿಗೆ ಏನೋ ಬೈದಳು, ಬೈಯುತ್ತ ಬೈಯುತ್ತ ಅಳುತ್ತಿದ್ದಳು. ಕೂಸು ಅವಳ ಜೊತೆ ದನಿಗೂಡಿಸಿತು. ನಾಳೆಯಿಂದ ಈ ಹೊಸ್ತಿಲನ್ನು ಯಾರು ಬೇಕಾದರೂ ದಾಟುತ್ತಾರೆ. ಹೋಗಿ ಕೂಸನ್ನು ಎತ್ತಿಕೊಳ್ಳಬೇಕು ಎಂದುಕೊಂಡಳು. ಆದರೆ ಟಿಲ್ಮನ್ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟಿದ್ದ, ಕತ್ತಿಯನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು.

"ಎಷ್ಟು ಕುಡಿದಳು?" ಎಂದ.

ಅವಳೂ ಅವನ ಪಕ್ಕ ಕೂತಳು. "ಎರಡು ಲೋಟ."

"ಉಗೀಲಿಲ್ವಾ?"

"ಇಲ್ಲ. ಎರಡೂ ಪೂರ್ತಿ ಕುಡಿದಳು."

"ಅದರಲ್ಲಿ ಕಸುವಿದೆ ಅಂದ್ಕೊಂಡು ಕೊಟ್ಟೆ."

"ಹೂಂ."

ಕುಲುಮೆಯಲ್ಲಿ ಕೆಂಡದ ಮೇಲೆ ಬೂದಿ ಕಟ್ಟುತ್ತಿತ್ತು. ಅವನ ಮುಖ ಈಗ ಕಾಣುತ್ತಿರಲಿಲ್ಲ. "ಅದೂ ಬರೀ ನೀರೇ, ಸ್ಟೀನಾ" ಎಂದ. ಅವನು ಅವಳನ್ನು ಚುಚ್ಚಲು ಹೇಳಲಿಲ್ಲ. ಅವಳೇ ಈಗ ತಾನೇ ತನ್ನ ಕೈಯಾರೆ ಯಾವ ನೀರಿಗೂ ಬೇರೆ ಗುಣವಿಲ್ಲ ಎಂಬುದನ್ನು ತೋರಿಸಿಕೊಟ್ಟಿದ್ದಳು; ಕೇಳುವವರೆಗೆ ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ. ಹಡಗಿನ ಕತ್ತಲಲ್ಲಿ ಬಿರಡೆ ಕಿತ್ತು, ಲೋಟ ತುಂಬಿ, ಮಗಳ ತಲೆಯನ್ನು ಮೊಣಕೈ ಮೇಲೆ ಎತ್ತಿ ಹಿಡಿದ ಆ ಹೆಂಗಸಿನ ಕೈಯಲ್ಲಿ ಏನೂ ಇರಲಿಲ್ಲ.

"ಬಾಯಾರಿತ್ತು ಅವಳಿಗೆ" ಎಂದಳು.